ಬಾಗಿಲ ಹೊರಗಿನ ಕೆಸರು ಬೂಟು

ಸೇಂಟ್ ಲೂಯಿಸ್
ಸೋಮವಾರ, ೧೭ ಅಕ್ಟೋಬರ್ ೧೯೬೬

ಜಂಬದ ಮೊಮ್ಮಗಳು ನೆಟ್ಟಾಳಿಗೆ,

ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ. ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಕೋಟಿನ ಗುಂಡಿ, ಕಣ್ಣು ಗಡಿಯಾರದ ಮೇಲೆ, ಹೀಗೆ ನಿಂತುಕೊಂಡು ಓದುವ ಕಾಗದ ಅಲ್ಲ ಇದು. ಬೇಸಿಗೆಯಿಡೀ ಅಜ್ಜಿ ಇದ್ದಾಳೋ ಹೋದಳೋ ಎಂದು ಒಂದು ಸಾಲು ಬರೆಯದವಳು, ಕೊನೆಗೆ ಬರೆದಾಗ ಬರೆದದ್ದಾದರೂ ಏನು? ನಿನ್ನ ಹೊಗಳಿಕೆಯನ್ನು ನೀನೇ. ನಿನ್ನನ್ನು ಓದಿಸಲು ನಾನು ಬಿಳಿಯರ ಮನೆಯ ನೆಲ ಉಜ್ಜಿದ್ದು ಇದಕ್ಕೇನು? ಬೆನ್ನು ನೆಟ್ಟಗೆ ಮಾಡು. ಗೂನು ಹಾಕಿಕೊಂಡು ಕೂತರೆ ಇಲ್ಲಿಂದಲೇ ನನಗೆ ಕಾಣುತ್ತದೆ.

ಈ ಕಾಗದದ ಜೊತೆಗೆ ಒಂದು ಪೊಟ್ಟಣ ಬಂದಿದೆಯಲ್ಲ, ಅದನ್ನು ಈಗಲೇ ಬಿಚ್ಚಬೇಡ. ಕಾಗದ ಮುಗಿಸು, ಆಮೇಲೆ ಬಿಚ್ಚು. ಚಿಕ್ಕಂದಿನಲ್ಲಿ ಕ್ರಿಸ್‌ಮಸ್ ಉಡುಗೊರೆಯ ಮೂಲೆ ಹರಿದು ನೋಡುತ್ತಿದ್ದ ಹಾಗೆ ಇದರ ಮೂಲೆ ಹರಿಯಬೇಡ.

ನಾನು ಓದಿದ ಶಾಲೆ ಮಿಸಿಸಿಪ್ಪಿಯ ಹೊಲದ ನಡುವಿನದು. ಹತ್ತಿ ಬಿಡಿಸುವ ಕಾಲ ಬಂದರೆ ಬಾಗಿಲು ಮುಚ್ಚುತ್ತಿತ್ತು, ಕಳೆ ಕೀಳುವ ಕಾಲ ಬಂದರೆ ಮತ್ತೆ ಮುಚ್ಚುತ್ತಿತ್ತು. ಉಳಿದ ದಿನಗಳಲ್ಲಿ ಕಲಿತದ್ದರಲ್ಲೇ ಬೈಬಲ್ ಓದುತ್ತೇನೆ, ನಿನ್ನ ಕಾಗದವನ್ನೂ ಓದುತ್ತೇನೆ. ನಿಧಾನ, ಅಷ್ಟೇ. ನಿಧಾನವಾಗಿ ಓದುವವರಿಗೆ ಒಂದು ಅನುಕೂಲ ಇದೆ ನೆಟ್ಟಾ, ಬರೆದವರು ಓಡಿಸಿಬಿಟ್ಟ ಮಾತೂ ಅವರ ಕಣ್ಣಿಗೆ ಬೀಳುತ್ತದೆ.

ನಿನ್ನ ಕಾಗದವನ್ನು ನಾನು ಚರ್ಚಿನ ಅಡುಗೆಮನೆಗೆ ಒಯ್ದಿದ್ದೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಕಾನ್ಸಾಸ್ ಸಿಟಿಯಲ್ಲಿ ಸರ್ಕಾರದ ನೆರವಿನ ಕಚೇರಿ, ನಿನಗೆ ಒಂದು ಮೇಜು, ಮೇಜಿನ ಮೇಲೆ ನಿನ್ನ ಹೆಸರು. ಬಡ ತಾಯಂದಿರ ಮನೆಮನೆಗೆ ಹೋಗಿ ಅವರ ಕಷ್ಟ ಕೇಳುವ ಕೆಲಸ. ಹೆಂಗಸರು ಹೌದಾ ಹೌದಾ ಎಂದರು. ಒಬ್ಬಳು, "ನಮ್ಮ ಮಕ್ಳಿಗೂ ಮೇಜು ಬಂತಲ್ಲಾ ಲೂವೀನಿಯಕ್ಕಾ, ಇಷ್ಟ್ ದಿನ ಮೇಜು ಒರೆಸೋದೇ ಆಗಿತ್ತು" ಎಂದಳು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಏಪ್ರನ್ನಿನ ದಾರ ಬಿಚ್ಚಿಕೊಳ್ಳಬೇಕಾಯಿತು.

ಆಮೇಲೆ ಎರಡನೆಯ ಹಾಳೆ. ಒಬ್ಬ ಹೆಂಗಸು ಮನೆಯಲ್ಲಿ ಗಂಡಸನ್ನು ಇಟ್ಟುಕೊಂಡು, ಗಂಡಸಿಲ್ಲ ಎಂದು ಸುಳ್ಳು ಹೇಳಿ ಮಕ್ಕಳ ಹೆಸರಿನಲ್ಲಿ ನೆರವು ಪಡೆಯುತ್ತಿದ್ದಳೆಂದೂ, ನೀನು ಹಿಂದಿನ ಬಾಗಿಲ ಹೊರಗೆ ಹಸಿ ಕೆಸರು ಮೆತ್ತಿದ ಗಂಡಸಿನ ಬೂಟು ನೋಡಿ ಒಂದೇ ಸಲಕ್ಕೆ ಹಿಡಿದುಬಿಟ್ಟೆಯೆಂದೂ, ನಿನ್ನ ಮೇಲಿನವಳು ಎಲ್ಲರೆದುರು ನಿನ್ನನ್ನು ಎಬ್ಬಿಸಿ ನಿಲ್ಲಿಸಿ ಕಣ್ಣು ಅಂದರೆ ಇಂಥದ್ದಿರಬೇಕು ಎಂದಳೆಂದೂ ಬರೆದಿದ್ದೀಯ. ಅದರ ಕೆಳಗೆ, ನನಗೆ ಯಾರ ಮೇಲೂ ದ್ವೇಷವಿಲ್ಲ, ನಾವು ಉದಾರವಾದಿಗಳು, ನಿಯಮ ಎಲ್ಲರಿಗೂ ಒಂದೇ ಆದರೆ ತಾನೇ ನ್ಯಾಯ ಎಂದು ಸೇರಿಸಿದ್ದೀಯ. ಇನ್ನೂ ಕೆಳಗೆ, ಗಂಡಸು ಬಿಟ್ಟು ಓಡಿದ ಮನೆಯ ಕಷ್ಟ ನನಗೆ ಗೊತ್ತು, ನನ್ನ ಅಪ್ಪನೇ ಓಡಿಹೋದವನು, ಅದಕ್ಕೇ ಈ ಕೆಲಸ ಹಿಡಿದೆ ಎಂದಿದ್ದೀಯ.

 ಬೂಟಿನ ಮಾತು ಬಂದಾಗ ಎಲ್ಲರ ಕೈ ಸೊಪ್ಪಿನ ಮೇಲೇ ನಿಂತುಹೋಯಿತು. ಅಲ್ಲಿದ್ದ ವಿಧವೆಯರಲ್ಲಿ ಬಾಗಿಲ ಹೊರಗೆ ಬೂಟು ಇಡದವರು ಒಬ್ಬರೂ ಇರಲಿಲ್ಲ. ನಾನು ಕಾಗದ ಮಡಿಸಿ ಚೀಲದೊಳಗೆ ಹಾಕಿ, ಉಪ್ಪು ಎಲ್ಲಿಟ್ಟಿರಿ ಎಂದು ಕೇಳಿದೆ. ಉಪ್ಪು ಕಣ್ಣೆದುರಿಗೇ ಇತ್ತು.

ಆ ವಾರ ಕಳೆಯುವ ಮೊದಲೇ ನನ್ನ ಬಾಗಿಲು ಬಡಿದವಳು ವರ್ಡೆಲ್. ಅವಳನ್ನು ನೀನು ಕಂಡಿಲ್ಲ. ಅಂದರೆ, ಕಂಡಿಲ್ಲ ಎಂದೇ ನಾನೂ ಅಂದುಕೊಂಡಿದ್ದೆ. ನೀನು ಕಾಲೇಜಿಗೆ ಹೋದ ಮೇಲೆ ಈ ಹನ್ನೊಂದು ಮಹಡಿಯ ಕಟ್ಟಡದಲ್ಲಿ ನನ್ನ ಪಕ್ಕದ ಬಾಗಿಲಿಗೆ ಬಂದವಳು. ಗಂಡ ನದಿಯ ಸರಕು ದೋಣಿಯಲ್ಲಿ ಕೆಲಸ ಮಾಡುತ್ತಿದ್ದ, ನೀರಿಗೆ ಬಿದ್ದು ಹೋದ. ಎರಡು ಹೆಣ್ಣು ಮಕ್ಕಳನ್ನು ಕಟ್ಟಿಕೊಂಡು, ಚಿಕ್ಕಮ್ಮ ಇದ್ದಾಳೆಂದು ಕಾನ್ಸಾಸ್ ಸಿಟಿಗೆ ಹೋದಳು. ಅಲ್ಲಿ ಎದೆಯ ಕಾಯಿಲೆ ಹತ್ತಿ ಕೆಲಸ ಬಿಟ್ಟಳು, ನೆರವು ಕೇಳಿದಳು. ಈಗ ಮಕ್ಕಳನ್ನು ಚಿಕ್ಕಮ್ಮನ ಬಳಿ ಬಿಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದಳು. ಕಂಕುಳಲ್ಲಿ ಒಂದು ಪೊಟ್ಟಣ.

ಒಳಗೆ ಬಾ, ಏನಾದರೂ ತಿನ್ನು ಎಂದೆ. ತಿನ್ನಲಿಲ್ಲ. ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅವಳು ಹೇಳಿದ್ದನ್ನು ಅವಳ ಬಾಯಲ್ಲೇ ಕೇಳು.

"ದೊಡ್ಡಮ್ಮಾ, ನಿಮ್ ಬೂಟು ನಿಮ್ಗೇ ಇರ್ಲಿ. ಕಚೇರಿಯಿಂದ ಒಬ್ಳು ಬಂದಿದ್ಲು. ನಮ್ಮೋಳೇ, ಕರೀ ಹುಡುಗಿ. ಎತ್ತರ, ಮುಂದಿನ ಹಲ್ಲಲ್ಲಿ ಸಂದು, ಹಸಿರು ಕೋಟು. ಸದ್ಯ, ಈ ಸಲ ನಮ್ಮೋಳನ್ನ ಕಳ್ಸಿದಾರೆ ಅಂತ ನಂಗೆ ಎಷ್ಟ್ ಸಂತೋಷ ಆಯ್ತು ಗೊತ್ತಾ? ಇದ್ದ ಒಂದ್ ಚಮಚ ಸಕ್ರೆನೂ ಅವ್ಳ ಕಾಫಿಗೇ ಹಾಕ್ದೆ. ಕುಡಿದ್ಲು. ಮಕ್ಳ ತಲೆ ಸವರಿದ್ಲು. ಆಮೇಲೆ ಹಿಂದಿನ ಬಾಗ್ಲು ತೆಗೆದು ನೋಡಿ, 'ಇದ್ಯಾರ್ದು ಮೇಡಂ?' ಅಂದ್ಲು. ಯಾರ್ದೂ ಅಲ್ಲ ತಾಯಿ, ಸುಮ್ನೆ ಇಟ್ಟಿದೀನಿ, ಕಳ್ಳಕಾಕರು ಹೆದರ್ಲಿ ಅಂತ ಅಂದೆ. ನಕ್ಕಳು ದೊಡ್ಡಮ್ಮಾ. 'ಸುಮ್ನೆ ಇಟ್ಟಿರೋ ಬೂಟಿಗೆ ಹಸಿ ಕೆಸರು ಹೆಂಗ್ ಬಂತು ಮೇಡಂ?' ಅಂದ್ಲು."

ಹಸಿರು ಕೋಟು ಎಂದಾಗಲೇ ಅದು ನೀನೆಂದು ತಿಳಿಯಿತು. ಆ ಕೋಟು ಹೊಲಿದ ಕೈ ಇದು. ಅದರ ಎಡಗಡೆಯ ಜೇಬು ಸ್ವಲ್ಪ ಸೊಟ್ಟ, ಅದೂ ನನಗೆ ಗೊತ್ತು. ನಾನು ವರ್ಡೆಲ್‌ಗೆ ಆ ಹುಡುಗಿ ಯಾರೆಂದು ಹೇಳಲಿಲ್ಲ. ಈ ಮನೆಯ ಮಾನ ಉಳಿಸಲು ಅಲ್ಲ. ನೀನೇ ಬಂದು ಹೇಳಬೇಕು ಎಂದು.

ಹಸಿ ಕೆಸರು ಹೇಗೆ ಬಂತೆಂದು ಕೇಳಿದೆಯಾ ಮಹಾತಾಯಿ? ನಾನು ಹೇಳಿಕೊಟ್ಟೆ, ಹಾಗೆ ಬಂತು. ಒಂಟಿ ಹೆಂಗಸು ಬಾಗಿಲ ಹೊರಗೆ ಗಂಡಸಿನ ಬೂಟು ಇಡಬೇಕು. ಇಟ್ಟು ಮರೆತರೆ ಆಗದು, ಧೂಳು ಕೂತ ಬೂಟು ನೋಡಿದರೆ ಕಳ್ಳನಿಗೂ ಗೊತ್ತಾಗುತ್ತದೆ. ಆಗಾಗ ಅದರ ಮುಖ ತಿರುಗಿಸಬೇಕು, ಒಮ್ಮೆ ಒಳಗೆ ತಂದು ಮತ್ತೆ ಹೊರಗಿಡಬೇಕು, ಹೊಸದಾಗಿ ಕೆಸರು ಹಚ್ಚಬೇಕು, ಆಗಷ್ಟೇ ಯಾರೋ ಕೆಲಸದಿಂದ ಬಂದು ಬಿಚ್ಚಿಟ್ಟ ಹಾಗೆ ಕಾಣಬೇಕು. ನನ್ನ ಅಮ್ಮ ಹೊಲದ ಗುಡಿಸಲಿನಲ್ಲಿ ಹೀಗೇ ಮಾಡುತ್ತಿದ್ದಳು. ಅವಳು ಹೆದರುತ್ತಿದ್ದದ್ದು ಕಳ್ಳರಿಗಲ್ಲ, ಯಜಮಾನನ ಮಗನಿಗೆ. ವರ್ಡೆಲ್ ಹೊರಟಾಗ ಅವಳ ಗಂಡನ ಬೂಟು ನದಿಯ ಪಾಲಾಗಿತ್ತು. ಹಾಗಾಗಿ ನಮ್ಮ ಮನೆಯ ಬೂಟನ್ನೇ, ತೀರಿಹೋದ ನಿನ್ನ ಅಜ್ಜ ಏಸಾನ ಬೂಟನ್ನೇ ಕೊಟ್ಟು ಕಳಿಸಿದೆ.

ಹೌದು. ನಿನ್ನ ಅಜ್ಜನ ಬೂಟು. ನೀನು ಹಿಡಿದ ಗಂಡಸು ಅವನು.

ಬಲಗಾಲಿನ ಬೂಟಿನ ತುದಿ ಸುಟ್ಟದ್ದನ್ನು ನೀನು ನೋಡಲಿಲ್ಲವೇ? ಒದ್ದೆ ಬೂಟನ್ನು ಒಲೆಯ ಬಾಯಿಗೇ ಇಟ್ಟು ಸುಟ್ಟವಳು ನೀನು. ಮಿಲ್ ಕ್ರೀಕಿನ ನಮ್ಮ ಹಳೆಯ ಮನೆಯಲ್ಲಿ, ನಿಮ್ಮಮ್ಮ ಕೊರೀನ್‌ಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿ ನಾವು ಸರ್ಕಾರದ ನೆರವು ಬಿಟ್ಟ ಮೇಲೆ, ಆ ಬೂಟಿಗೆ ಕೆಸರು ಹಚ್ಚುವ ಕೆಲಸ ನಿನ್ನದಾಗಿತ್ತು. ಶಾಲೆಯಿಂದ ಬಂದವಳೇ ಕೊಳಾಯಿಯ ಕೆಳಗಿನ ಮಣ್ಣು ಕಲೆಸಿ, ನಾಲಗೆ ಹೊರಗೆ ಹಾಕಿಕೊಂಡು ಹಚ್ಚುತ್ತಿದ್ದೆ. "ಅಜ್ಜಿ, ಹಿಮ್ಮಡಿಗೂ ಹಚ್ಲಾ?" ಎಂದು ಕೇಳುತ್ತಿದ್ದೆ. ಹಿಮ್ಮಡಿಗೆ ಜಾಸ್ತಿ ಹಚ್ಚು ಎನ್ನುತ್ತಿದ್ದೆ ನಾನು. ಅದನ್ನೆಲ್ಲ ಮರೆಸುವುದಕ್ಕೆ ನಾಲ್ಕು ವರ್ಷದ ಕಾಲೇಜು ಬೇಕಾಯಿತೇ? ಬಿಳಿಯ ಹೆಂಗಸಾಗಿದ್ದರೆ ಅವಳಿಗೆ ಗೊತ್ತಿಲ್ಲ ಎಂದು ಬಿಡುತ್ತಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೊರಗೆ ಕಳಚಿಟ್ಟು ಆ ಕಚೇರಿಯೊಳಗೆ ಹೋದೆ ನೀನು.

ನಿನ್ನ ಆ ಉದಾರವಾದದ ಬಗ್ಗೆ ನನಗೆ ಪಾಠ ಹೇಳಬೇಡ. ನೀನು ಪುಸ್ತಕದಲ್ಲಿ ಓದಿದ್ದು ನಾನು ಸಾಲಿನಲ್ಲಿ ನಿಂತು ನೋಡಿದ್ದು. ಮೂವತ್ತರ ದಶಕದಲ್ಲಿ ಈ ಊರಿನ ನದಿಯ ದಂಡೆಯಲ್ಲಿ ಜನ ತಗಡು ಹೊದಿಸಿಕೊಂಡು ಮಲಗಿದ್ದರು. ನಿನ್ನ ಅಜ್ಜ ಏಸಾನಿಗೆ ಎರಡು ವರ್ಷ ಕೆಲಸವಿರಲಿಲ್ಲ. ಆಗ ರೂಸ್‌ವೆಲ್ಟ್ ಅಧ್ಯಕ್ಷನಾಗಿ ಬಂದ. ಏಸಾ ಸರ್ಕಾರದ ಕೆಲಸದಲ್ಲಿ ಬೀದಿ ಬದಿಯ ಕಾಲುದಾರಿಗೆ ಕಾಂಕ್ರೀಟು ಹಾಕಿದ. ಸಂಜೆ ನನ್ನನ್ನು ಕರೆದುಕೊಂಡು ಹೋಗಿ, "ಲೂವೀನಿಯಾ, ಮೇಲೆ ನಡಿ, ನಡಿ, ಇದು ನಮ್ದು" ಎಂದು ಹೆಂಡತಿಯನ್ನು ಆ ತುದಿಯಿಂದ ಈ ತುದಿಗೆ ನಡೆಸಿದ. ಗೋಡೆಯ ಮೇಲೆ ಯೇಸುವಿನ ಪಕ್ಕದಲ್ಲಿ ರೂಸ್‌ವೆಲ್ಟ್‌ನ ಫೋಟೋ ಈಗಲೂ ಇದೆ. ನಾನು ಅದನ್ನು ಇಳಿಸುವುದಿಲ್ಲ. ಅದನ್ನು ಇಳಿಸು ಎಂದು ಟಿವಿಯಲ್ಲಿ ಕೂಗುವವರು ನಮಗೆ ಒಂದು ತುತ್ತೂ ಕೊಡದವರು. ಅವರ ಜೊತೆ ನನಗೆ ಜಗಳವೇ ಇಲ್ಲ, ಏಕೆಂದರೆ ಮಾತೇ ಇಲ್ಲ. ನಾನು ಜಗಳವಾಡುವುದು ನಾನು ಓಟು ಹಾಕುವವರ ಜೊತೆ.

ಅದೇ ವರ್ಷಗಳಲ್ಲಿ ಮುದುಕರಿಗೆ ಪಿಂಚಣಿ ಎಂದು ಕಾನೂನು ಬಂತು. ನಾನು ಕೆಲಸ ಮಾಡುತ್ತಿದ್ದ ಮನೆಯ ಯಜಮಾನಿ ಅತ್ತೇಬಿಟ್ಟಳು, ಎಂಥ ಕಾನೂನು, ಎಂಥ ಕಾನೂನು ಎಂದು. ಒಳ್ಳೆಯ ಹೆಂಗಸು, ಅವಳೂ ನಿನ್ನ ಹಾಗೆ ಉದಾರವಾದಿ. ನಾನು ಭಾನುವಾರದ ಟೋಪಿ ಹಾಕಿಕೊಂಡು ಹೆಸರು ಬರೆಸಲು ಅಂಚೆ ಕಚೇರಿಗೆ ಹೋದೆ. ಕಿಟಕಿಯ ಹಿಂದಿನವನು ಏನು ಕೆಲಸ ಎಂದ. ಅಡುಗೆ, ಬಟ್ಟೆ, ನೆಲ ಎಂದೆ. "ಮನೆಗೆಲಸದವ್ರಿಗೆ ಇಲ್ಲಮ್ಮ. ಹೊಲದ ಕೂಲಿಯೋರಿಗೂ ಇಲ್ಲ" ಎಂದ. ನನಗೆ ಗೊತ್ತಿದ್ದ ಕರಿಯ ಹೆಂಗಸರೆಲ್ಲ ಮನೆಗೆಲಸದವರು, ಊರಲ್ಲಿ ಬಿಟ್ಟುಬಂದ ನೆಂಟರೆಲ್ಲ ಹೊಲದವರು. ಇನ್ಯಾರಿಗೆ ಸ್ವಾಮಿ ಇದು ಎಂದು ಕೇಳಿದೆ. ಮುಂದಿನವರು ಬನ್ನಿ ಎಂದ. ದಕ್ಷಿಣದ ದೊಡ್ಡ ಮನುಷ್ಯರ ಓಟಿಲ್ಲದೆ ಆ ಕಾನೂನು ದಾಟುತ್ತಿರಲಿಲ್ಲವಂತೆ, ಅವರು ಕೇಳಿದ ಬೆಲೆ ನಾವಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಅತ್ತಿದ್ದ ಆ ಯಜಮಾನಿಗೆ ಹೇಳಿದೆ. ಅಯ್ಯೋ ಪಾಪ, ಮೊದಲು ಅರ್ಧವಾದರೂ ಬರಲಿ, ಉಳಿದದ್ದು ಆಮೇಲೆ ಬರುತ್ತದೆ ಎಂದಳು. ಆಮೇಲೆ ಬಂತು, ನಿಜ. ಅಷ್ಟು ಹೊತ್ತಿಗೆ ನನ್ನ ಮೊಣಕಾಲು ಹೋಗಿತ್ತು.

ಯುದ್ಧ ಮುಗಿದು ಮದ್ದುಗುಂಡಿನ ಕಾರ್ಖಾನೆ ಮುಚ್ಚಿದಾಗ ಮೊದಲು ಹೊರಗೆ ಬಿದ್ದವರು ನಮ್ಮವರು. ನಿನ್ನಪ್ಪ, ನನ್ನ ಮಗ ಲೆಮ್ಯೂಲ್ ಕೂಡ. ಆ ಚಳಿಗಾಲದಲ್ಲಿ ನಮ್ಮ ಮನೆಗೆ ಮಿಸ್ ಹಾಲ್‌ಬ್ರೂಕ್ ಎಂಬುವಳು ಬರತೊಡಗಿದಳು. ಈಗ ನೀನು ಮಾಡುವ ಕೆಲಸವನ್ನೇ ಮಾಡುತ್ತಿದ್ದಳು. ಬೂದು ಕೈಗವಸು, ಮೃದು ಮಾತು, ನಿನಗೆ ಒಂದು ಕಿತ್ತಳೆ ಹಣ್ಣು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಒಂದು ಬೈದು ಕಳಿಸಬಹುದಿತ್ತು. ನಿಮ್ಮ ಒಳ್ಳೆಯದಕ್ಕೇ ಎಂದು ಹೇಳುತ್ತಲೇ ಹಾಸಿಗೆಯ ಕೆಳಗೆ ಬಗ್ಗಿ ನೋಡುತ್ತಿದ್ದಳು. ಹಲ್ಲುಜ್ಜುವ ಬ್ರಷ್ಷು ಎಷ್ಟಿವೆ, ಗೂಟಕ್ಕೆ ಯಾರ ಅಂಗಿ ನೇತಾಡುತ್ತಿದೆ, ಎಲ್ಲ ನೋಡುತ್ತಿದ್ದಳು. ನಿಯಮ ಆಗಲೂ ಇದೇ. ದುಡಿಯಬಲ್ಲ ಗಂಡಸು ಮನೆಯಲ್ಲಿದ್ದರೆ ಮಕ್ಕಳಿಗೆ ನೆರವಿಲ್ಲ. ಅವನಿಗೆ ಕೆಲಸ ಸಿಕ್ಕಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ, ಇದ್ದಾನೆಯೇ ಎಂದಷ್ಟೇ ಕೇಳುತ್ತಿದ್ದರು. ಆ ಚಳಿಗಾಲದಲ್ಲೇ ನಿನ್ನಪ್ಪ ಮನೆ ಬಿಟ್ಟು ಹೋದ. ಅದು ನಿನಗೆ ಗೊತ್ತಿದ್ದದ್ದೇ. ಮುಂದಕ್ಕೆ ಹೋಗೋಣ.

ಆಮೇಲೆ ಊರಿನ ದೊಡ್ಡವರಿಗೆ ಮಿಲ್ ಕ್ರೀಕಿನ ನಮ್ಮ ಮನೆಗಳು ಕಣ್ಣಿಗೆ ಬಿದ್ದವು. ಕೊಳೆ, ಇಲಿ, ಹಿತ್ತಲಲ್ಲಿ ಕಕ್ಕಸು. ಛೇ, ಇಲ್ಲಿ ಮನುಷ್ಯರು ಇರಬಾರದು ಎಂದರು. ನಾವೂ ಹೌದು ಎಂದೆವು. ನಲ್ಲಿ ಹಾಕಿಸಿ ಎಂದೆವು. ಅವರು ಬೀದಿಯನ್ನೇ ಕಿತ್ತು ಹಾಕಿದರು. ಚರ್ಚು, ಕ್ಷೌರದ ಅಂಗಡಿ, ಏಸಾ ಹಾಕಿದ ಕಾಲುದಾರಿ, ಎಲ್ಲ. ನನ್ನನ್ನು ತಂದು ಈ ಕಟ್ಟಡದಲ್ಲಿ ಇಟ್ಟಿದ್ದಾರೆ. ಬಿಸಿ ನೀರು ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಲಿಫ್ಟು ಎಲ್ಲ ಮಹಡಿಯಲ್ಲೂ ನಿಲ್ಲುವುದಿಲ್ಲ. ಮೇಲಿನ ಮಹಡಿಯಲ್ಲಿ ಇಳಿದು ಕತ್ತಲೆಯ ಮೆಟ್ಟಿಲಲ್ಲಿ ಕೆಳಗೆ ಬರಬೇಕು. ನೆರೆಹೊರೆಯವರು ಎದುರಾಗಿ ಮಾತಾಡಲಿ ಎಂದು ಹಾಗೆ ಕಟ್ಟಿದ್ದಂತೆ. ನೋಡಲು ಬಂದಿದ್ದ ಕನ್ನಡಕದ ಹುಡುಗನೊಬ್ಬ ನನಗೇ ವಿವರಿಸಿದ. "ನೀನ್ ಯಾವ್ ಮಹಡೀಲಿ ಇರೋದಪ್ಪಾ?" ಎಂದು ಕೇಳಿದೆ. ತೋಟವಿರುವ ಮನೆಯಂತೆ. ಮೆಟ್ಟಿಲಲ್ಲಿ ನನಗೆ ಎದುರಾದವರು ನೆರೆಯವರಲ್ಲ, ನನ್ನ ಕೈಚೀಲ ಕಿತ್ತುಕೊಂಡವರು.

ಇಷ್ಟೆಲ್ಲ ಏಕೆ ಬರೆದೆ ಎಂದರೆ, ಕೊಟ್ಟದ್ದನ್ನು ನಾನು ಮರೆತಿಲ್ಲ ಎಂದು ನಿನಗೆ ತಿಳಿಯಲಿ. ಕೊಟ್ಟರು. ಆದರೆ ಪ್ರತಿ ಸಲವೂ ನಮ್ಮನ್ನು ಕೇಳದೆ ಕೊಟ್ಟರು, ಕೊಟ್ಟ ಮೇಲೆ ನಮ್ಮನ್ನು ನಂಬದೆ ಕೊಟ್ಟರು. ಬ್ರೆಡ್ಡು ಇಟ್ಟ ಕೈಯೇ ಹೊದಿಕೆ ಎತ್ತಿ ನೋಡುತ್ತದೆ. ನಮ್ಮ ಬಗ್ಗೆ ಕಾಲೇಜಿನವರನ್ನು ಕೇಳುತ್ತಾರೆ, ಕಾಲೇಜಿನವರು ಪುಸ್ತಕವನ್ನು ಕೇಳುತ್ತಾರೆ, ಆ ಪುಸ್ತಕ ಬರೆದವನು ನಮ್ಮ ಮೆಟ್ಟಿಲು ಹತ್ತಿದವನಲ್ಲ. ಎರಡು ವರ್ಷದ ಹಿಂದೆ ಬಡತನದ ಮೇಲೆ ಯುದ್ಧ ಎಂದು ಸರ್ಕಾರ ಸಾರಿದಾಗ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆ ಯುದ್ಧದಲ್ಲಿ ನನ್ನ ಮೊಮ್ಮಗಳು ಸಿಪಾಯಿಯಾಗುತ್ತಾಳೆ, ಮೊದಲ ಗುಂಡನ್ನು ವರ್ಡೆಲ್‌ಗೇ ಹೊಡೆಯುತ್ತಾಳೆ ಎಂದು ಯಾರಿಗೆ ಗೊತ್ತಿತ್ತು?

ಈಗ ಕೆಲಸದ ಮಾತು. ನಾನೇ ವರ್ಡೆಲ್‌ಳನ್ನು ನಮ್ಮ ಪಾದ್ರಿಯ ಬಳಿಗೆ ಕರೆದೊಯ್ದೆ, ಅವರು ಅವಳ ಪರವಾಗಿ ಅರ್ಜಿ ಬರೆದುಕೊಟ್ಟರು. ನಿನ್ನ ಕಚೇರಿಯಲ್ಲೇ ವಿಚಾರಣೆ, ನವೆಂಬರ್ ಒಂಬತ್ತು, ಬುಧವಾರ. ಅಲ್ಲಿಯವರೆಗೆ ಅವಳಿಗೆ ನೆರವಿಲ್ಲ. ಎದೆಯ ಕಾಯಿಲೆಯವಳು ಮತ್ತೆ ಹಬೆಯ ಕೋಣೆಯಲ್ಲಿ ಬಟ್ಟೆ ಒಗೆಯಲು ಹೋಗುತ್ತಿದ್ದಾಳೆ. ಇನ್ನೊಂದು ಚಳಿಗಾಲ ಹೀಗೇ ದುಡಿದರೆ ಆ ಎರಡು ಮಕ್ಕಳಿಗೆ ತಾಯಿ ಇರುವುದಿಲ್ಲ. ವಿಚಾರಣೆಯಲ್ಲಿ ಅವಳ ಮಾತನ್ನು ಯಾರೂ ನಂಬುವುದಿಲ್ಲ, ನಿನಗೂ ಗೊತ್ತು. ಬೂಟು ಕಂಡವಳು ನೀನು. ನೀನೇ ಎದ್ದು ನಿಂತು, ನಾನು ಕಂಡದ್ದು ಬೂಟನ್ನು, ಗಂಡಸನ್ನಲ್ಲ, ಆ ಬೂಟು ನಮ್ಮ ಮನೆಯದು, ಅದಕ್ಕೆ ಕೆಸರು ಹಚ್ಚಿ ಬೆಳೆದವಳು ನಾನು ಎಂದು ಹೇಳಬೇಕು.

ನೀನು ಏನು ಹೇಳುತ್ತೀ ಎಂದು ನನಗೆ ಇಲ್ಲಿಂದಲೇ ಕೇಳುತ್ತಿದೆ. ಅಜ್ಜಿ, ಕೆಲಸ ಹೋಗುತ್ತೆ. ಹೋಗಲಿ. ನನ್ನ ಕೆಲಸವೂ ಹೋಗಿದೆ, ಒಂದಲ್ಲ ಹತ್ತು ಸಲ, ಬಾಯಿಯ ದೆಸೆಯಿಂದಲೇ. ಅಜ್ಜಿ, ನಿಯಮ ಮಾಡಿದ್ದು ನಾನಲ್ಲ. ಮಿಸ್ ಹಾಲ್‌ಬ್ರೂಕ್ ಕೂಡ ಇದೇ ಹೇಳುತ್ತಿದ್ದಳು, ಇಷ್ಟೇ ಮೃದುವಾಗಿ. ಅಜ್ಜಿ, ಒಳಗೆ ಇದ್ದುಕೊಂಡೇ ನಿಧಾನವಾಗಿ ಬದಲಾಯಿಸೋಣ. ಬದಲಾಯಿಸು, ಯಾರು ಬೇಡ ಅಂದರು, ಒಂಬತ್ತನೇ ತಾರೀಕು ಶುರು ಮಾಡು. ಅಜ್ಜಿ, ಕಚೇರಿಯವಳೇ ಕಚೇರಿಯ ತಪ್ಪು ಎತ್ತಿ ಆಡಿದರೆ ನಮ್ಮ ವಿರೋಧಿಗಳು ಕುಣಿಯುತ್ತಾರೆ, ನೆರವನ್ನೇ ನಿಲ್ಲಿಸಿ ಎನ್ನುತ್ತಾರೆ. ಕುಣಿಯಲಿ ಬಿಡು. ಮೂವತ್ತು ವರ್ಷದಿಂದ ಈ ಒಂದು ಹೆದರಿಕೆ ಹೇಳಿ ನಮ್ಮ ಬಾಯಿ ಮುಚ್ಚಿಸಿದ್ದಾರೆ. ನಮ್ಮವರ ತಪ್ಪು ನಾವೇ ಹೇಳದಿದ್ದರೆ ಅದನ್ನು ಅವರು ಹೇಳುತ್ತಾರೆ, ಅವರಿಗೆ ಬೇಕಾದ ಹಾಗೆ ಹೇಳುತ್ತಾರೆ.

ಎಂಟನೇ ತಾರೀಕು, ಮಂಗಳವಾರ, ನಾನು ಇಲ್ಲಿ ಓಟು ಹಾಕುತ್ತೇನೆ. ಎಂದಿನ ಹಾಗೆ, ಎಂದಿನ ಪಕ್ಷಕ್ಕೇ. ಹಾಕಿ, ಅಲ್ಲಿಂದಲೇ ನೇರ ಬಸ್ಸು ಹತ್ತುತ್ತೇನೆ. ಬುಧವಾರ ನಿನ್ನ ಕಚೇರಿಯ ಮೊದಲ ಬೆಂಚಿನಲ್ಲಿ ಭಾನುವಾರದ ಟೋಪಿ ಹಾಕಿಕೊಂಡು ವರ್ಡೆಲ್ ಪಕ್ಕ ಕೂತಿರುತ್ತೇನೆ. ನೀನು ಎದ್ದು ನಿಂತರೂ ಸರಿ, ನಿಲ್ಲದಿದ್ದರೂ ಸರಿ. ನಿಲ್ಲದಿದ್ದರೆ ನಾನೇ ನಿಲ್ಲುತ್ತೇನೆ, ಆ ಹಸಿರು ಕೋಟು ಹೊಲಿದವಳು ನಾನು ಎಂದು ಎಲ್ಲರೆದುರೇ ಹೇಳುತ್ತೇನೆ, ಆಮೇಲೆ ಆ ಕೋಟು ಬಿಚ್ಚಿಸಿಕೊಂಡು ಮನೆಗೆ ಬರುತ್ತೇನೆ.

ಸರಿಯಾಗಿ ತಿನ್ನು. ಬರೀ ಕಾಫಿ ಕುಡಿದುಕೊಂಡು ಇರಬೇಡ.

ನಿನ್ನ ಮೇಲೆ ಕೋಪ ಇಳಿಯದ, ನಿನ್ನನ್ನು ಬಿಟ್ಟುಕೊಡದ,
ಅಜ್ಜಿ
ಲೂವೀನಿಯಾ ಸ್ಟೋವಲ್

ಮತ್ತೆ ಬರೆದದ್ದು: ಈಗ ಪೊಟ್ಟಣ ಬಿಚ್ಚು. ಎಡಗಾಲಿನ ಬೂಟು. ಸುಟ್ಟದ್ದು ನನ್ನ ಹತ್ತಿರ ಇದೆ. ಒಳಗೆ ನಿನ್ನ ಕಾಲು ಇಟ್ಟು ನೋಡು. ಎಷ್ಟು ದೊಡ್ಡದು ಅಲ್ಲವೇ? ನಿನ್ನ ಅಜ್ಜ ಏಸಾ ಗಿಡ್ಡ ಮನುಷ್ಯ ಕಣೆ. ಮದುವೆಯ ಫೋಟೋದಲ್ಲಿ ನನ್ನ ಕಿವಿಯವರೆಗೂ ಬಂದಿಲ್ಲ. ಅವನ ಎರಡೂ ಪಾದ ಈ ಒಂದು ಬೂಟಿನಲ್ಲಿ ಹಿಡಿಸುತ್ತಿದ್ದವು. ಅಜ್ಜನ ಬೂಟು ಎಂದು ಮೇಲೆ ಬರೆದದ್ದು ಸುಳ್ಳು, ಚಿಕ್ಕಂದಿನಿಂದ ನಿನಗೆ ಹೇಳಿದ್ದೂ ಸುಳ್ಳು. ಇಷ್ಟು ಎತ್ತರ ನಿನಗೆ ಎಲ್ಲಿಂದ ಬಂತೆಂದು ಒಮ್ಮೆಯೂ ಯೋಚಿಸಲಿಲ್ಲವೇ? ಇದು ನಿನ್ನಪ್ಪನ ಬೂಟು. ಅವನು ಓಡಿಹೋಗಲಿಲ್ಲ. ನಾವು ಉಣ್ಣಬೇಕಾದರೆ ಅವನು ಮನೆಯಲ್ಲಿ ಇರಬಾರದಿತ್ತು, ಅದಕ್ಕೆ ಹೋದ. ಕೆಲಸ ಹುಡುಕಲು ಮರ್ಯಾದೆಯ ಷೂ ಹಾಕಿಕೊಂಡು, ಇವು ಇರಲಿ, ಬರುತ್ತೇನೆ ಎಂದು ಇವನ್ನು ಬಿಟ್ಟು, ನದಿ ದಾಟಿದ. ಆಚೆ ದಂಡೆಯ ಮಾಂಸದ ಕಾರ್ಖಾನೆಯಲ್ಲಿ ಇದ್ದ. ಮಿಸ್ ಹಾಲ್‌ಬ್ರೂಕ್ ಬರುತ್ತಿದ್ದಷ್ಟು ಕಾಲ ಬೂಟು ಕಲ್ಲಿದ್ದಲ ಡಬ್ಬಿಯ ಹಿಂದೆ ಇತ್ತು. ಅವಳು ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿತ್ತಳೆ ಸುಲಿದು ಒಂದೊಂದೇ ಎಸಳು ಕೊಡುತ್ತಾ, "ಪುಟ್ಟೀ, ಅಪ್ಪ ಯಾವಾಗ ಬಂದಿದ್ರು?" ಎಂದು ಕೇಳುತ್ತಿದ್ದಳು. ಅಷ್ಟು ಚಿಕ್ಕ ಮಗುವಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ನಾನು, ನಿಮ್ಮಮ್ಮ, ಅವನು, ಮೂವರೂ ಕೂತು ಗೊತ್ತುಮಾಡಿದೆವು: ಮಗುವಿಗೆ ಅಪ್ಪ ಓಡಿಹೋದ ಎಂದೇ ಹೇಳುವುದು, ಅದು ನಂಬಲಿ, ನಂಬಿದ್ದನ್ನು ಹೇಳಲಿ. ನೀನು ನಂಬಿದೆ, ಹೇಳಿದೆ, ಅಳುತ್ತಾ ಹೇಳಿದೆ, ನೆರವು ಬಂತು. ನಾನು ಕ್ಷಮೆ ಕೇಳುವುದಿಲ್ಲ. ಅದೇ ಚಳಿಗಾಲ ಮತ್ತೆ ಬಂದರೆ ಅದನ್ನೇ ಮಾಡುತ್ತೇನೆ. ಕ್ಷಮೆ ಕೇಳಬೇಕಾದವರು ಬೇರೆ ಇದ್ದಾರೆ, ಅವರ ಕಚೇರಿ ನಿನಗೆ ಗೊತ್ತು. ಶಾಲೆಯ ಬೇಲಿಯ ಹತ್ತಿರ ಶುಕ್ರವಾರ ಶುಕ್ರವಾರ ಒಬ್ಬ ಉದ್ದನೆಯ ಮಾಮ ಪೆಪ್ಪರಮಿಂಟು ಕೊಡುತ್ತಾನೆ ಎಂದು ಬಂದು ಹೇಳುತ್ತಿದ್ದೆಯಲ್ಲ, ಗುರುತಿಲ್ಲದವರ ಬಳಿ ತಿಂಡಿ ತಗೋಬೇಡ ಎಂದು ನಾನು ನಿನ್ನ ಕೈಗೆ ಹೊಡೆದಿದ್ದೆನಲ್ಲ. ಅವನೇ. ನೆರವು ಬಿಟ್ಟ ಮೇಲೂ ಸಿಕ್ಕಿಬೀಳುವ ಹೆದರಿಕೆಗೆ ಅವನು ಮನೆಗೆ ಮರಳಲಿಲ್ಲ. ನಿನಗೆ ಒಂಬತ್ತು ತುಂಬಿದ ವರ್ಷ ಅವನು ಬರುವುದು ನಿಂತಿತು. ಕಾರ್ಖಾನೆಯಲ್ಲಿ ಅಪಘಾತವಾಗಿ ಸತ್ತ, ಆಚೆ ದಂಡೆಯಲ್ಲೇ ಮಣ್ಣು ಮಾಡಿದೆವು. ಹಳೆಯದು ಹೊರಬಿದ್ದರೆ ಮೋಸ ಎಂದು ಜೈಲಿಗೆ ಹಾಕುತ್ತಾರೆ ಎಂದು ಕೊರೀನ್ ಸಾಯುವವರೆಗೂ ಹೆದರುತ್ತಿದ್ದಳು, ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು. ಅವಳೀಗ ಇಲ್ಲ, ನನಗೆ ಯಾರ ಹೆದರಿಕೆಯೂ ಇಲ್ಲ. ಒಂಬತ್ತನೇ ತಾರೀಕು ನೀನು ಈ ಎಡಗಾಲಿನದನ್ನು ತಾ, ನಾನು ಬಲಗಾಲಿನದನ್ನು ತರುತ್ತೇನೆ. ಎರಡನ್ನೂ ಜೋಡಿಸಿ ಅವರ ಮೇಜಿನ ಮೇಲೆ ಇಡೋಣ. ವರ್ಡೆಲ್ ಮನೆಯಲ್ಲಿದ್ದ ಗಂಡಸು ಯಾರು ಎಂದು ಅವರು ಕೇಳುತ್ತಾರೆ. ಲೆಮ್ಯೂಲ್ ಸ್ಟೋವಲ್, ನನ್ನ ಅಪ್ಪ, ಸತ್ತು ಹದಿನೈದು ವರ್ಷವಾಯಿತು ಎಂದು ಹೇಳು, ಗಟ್ಟಿಯಾಗಿ ಹೇಳು. ಬರುತ್ತೀಯೋ ಇಲ್ಲವೋ, ನವೆಂಬರ್ ಹುಟ್ಟುವ ಮೊದಲು ಉತ್ತರ ಬರೆ.